ಗುರುವಾರ

ತ್ರಿಯೆಸ್ತೆಯ ಗುಡ್ಡದಡಿ ಹಳೆಯ ಶಾಲೆಯೊಂದರ ನೆಲಮಾಳಿಗೆ.
ಹಿಂದೆ ಇಲ್ಲಿ ಕಲ್ಲಿದ್ದಲು ತುಂಬುತ್ತಿದ್ದರಂತೆ,
ಗೋಡೆಗೊರಗಿದರೆ ಇವತ್ತಿಗೂ ಕೋಟು ಕಪ್ಪು.
ಈಗ ನಡುವೆ ಉಕ್ಕಿನ ಕೊಳಗ, ಒಳಗೆ ಗಾಳಿಯೂ ಇಲ್ಲ,
ಒಂದೇ ಒಂದು ಎಳೆ,
ಕೂದಲನ್ನು ಉದ್ದಕ್ಕೆ ನಾಲ್ಕಾಗಿ ಸೀಳಿದರೆ ಸಿಗುವಂಥದ್ದು,
ಅದರ ತುದಿಗೆ ತೂತುತೂತಿನ ಬಿಲ್ಲೆ.
ಕೆಳಗೆ ಇನ್ನೊಂದು, ನಿಧಾನಕ್ಕೆ ತಿರುಗುತ್ತ.
ಎರಡರ ನಡುವೆ
ಒಂದು ಅನುಮಾನ ನುಸುಳುವಷ್ಟು ಜಾಗ.

ಎಳೆ ಎಳೆದವಳು ನೆವೆಂಕಾ ಜೆರ್ಯಾಲ್.
ಅವಳಮ್ಮ ಬಂದರಿನ ಬೀದಿಯಲ್ಲಿ ದರ್ಜಿ,
ಮದುವೆಯ ಲಂಗಗಳಿಗೆ ನಿರಿಗೆ ಹಿಡಿಯುತ್ತಿದ್ದಳು.
ಮೂರು ಗಜ ಬಟ್ಟೆ ಒಂದು ಗೇಣು ಸೊಂಟದಲ್ಲಿ
ಎಲ್ಲಿ ಹೋಯಿತಮ್ಮ ಅಂತ ಕೇಳಿದರೆ
ಹಲ್ಲಲ್ಲಿ ಕಚ್ಚಿದ ಗುಂಡುಸೂಜಿಗಳ ಸಂದಿಯಿಂದಲೇ:
"ಎಲ್ಲೂ ಹೋಗಿಲ್ಲ. ಮಡಿಸಿದ್ದೀನಿ."

ಇಲ್ಲಿಯ ಪ್ರಶ್ನೆಯೂ ಅಷ್ಟೇ.
ಫ್ರಿಜ್ಜಿನ ಬಾಗಿಲಲ್ಲಿ ಉಗುರಿನಷ್ಟು ಅಯಸ್ಕಾಂತ
ನೀರಿನ ಬಿಲ್ಲನ್ನು ಅವುಚಿ ಹಿಡಿದಿದೆ;
ಬಿಡು, ಬಿಡು ಅಂತ ಕೆಳಗಿನಿಂದ ಜಗ್ಗುತ್ತಿರುವುದು
ಕಡಲು ಬೆಟ್ಟ ಸಮೇತ ಇಡೀ ಭೂಮಿ.
ಸೋಲುತ್ತಿದೆ.
ಇಷ್ಟು ದೊಡ್ಡ ಮೈಗೆ ಇಷ್ಟು ಬಡಕಲು ಕೈ ಯಾಕೆ?
ಕೈ ಬಡಕಲಲ್ಲವೇನೋ. ಬಲವೆಲ್ಲ
ಉದ್ದ ಅಗಲ ಎತ್ತರ ಕಾಲ ಯಾವುದೂ ಅಲ್ಲದ
ಒಂದು ನಿರಿಗೆಯೊಳಕ್ಕೆ ಸೋರುತ್ತಿರಬಹುದು.
ಹಾಗಿದ್ದರೆ ತೀರಾ ಹತ್ತಿರ ಹೋದಾಗ,
ನಿರಿಗೆಯ ಬಾಯಿಗೆ ಬೆರಳು ತಾಗುವಷ್ಟು ಹತ್ತಿರ,
ಲೆಕ್ಕ ತಪ್ಪಬೇಕು. ದೂರ ಅರ್ಧವಾದರೆ ಸೆಳೆತ
ನಾಲ್ಕು ಪಟ್ಟಲ್ಲ, ಎಂಟೋ ಹದಿನಾರೋ.
ಹನ್ನೊಂದು ವರ್ಷದಿಂದ ಕಾಯುತ್ತಿದ್ದಾರೆ
ಲೆಕ್ಕ ತಪ್ಪಲಿ ಅಂತ,
ಯಾವ ಶಾನುಭೋಗನೂ ಕಾಯದ ಹಾಗೆ.

ಫೆಬ್ರವರಿಯಲ್ಲಿ ತಪ್ಪಿತು.
ಬೋರಾ ಗಾಳಿ ನಿಂತ ವಾರ, ರಾತ್ರಿ ಎಂಟೂಕಾಲಿಗೆ,
ಕನ್ನಡಿಯಿಂದ ಪುಟಿದ ಬೆಳಕಿನ ಚುಕ್ಕಿ
ಎಳ್ಳಿನ ಸಾವಿರದೊಂದು ಪಾಲು ಸರಿಯಿತು.
ಮುಂದಿನ ವಾರವೂ. ಅದರ ಮುಂದಿನದೂ.
ಯಾವಾಗಲೂ ಗುರುವಾರ.

ಮುಖ್ಯಸ್ಥ ಲಿವಿಯೊ ದೆಪಾಂಗರ್ ಹೊರಗೆ ಉಸಿರೆತ್ತಲಿಲ್ಲ,
ಹೊಸ ಬೂಟು ಕೊಂಡ, ಎಲ್ಲರಿಗೂ ಕಾಫಿ ಕೊಡಿಸಿದ.
ಗುರು ಎಂದರೆ ಭಾರ, ಗುರು ಎಂದರೆ ಆ ದೊಡ್ಡ ಗ್ರಹ,
ಕನ್ನಡ ಎರಡನ್ನೂ ಒಂದೇ ವಾರಕ್ಕೆ ಗಂಟು ಹಾಕಿದೆ.
ಅವನ ಇಟಾಲಿಯನ್ನಿನಲ್ಲೂ ಅದು ಅದೇ ಗ್ರಹದ ದಿನ.
ನೆವೆಂಕಾಳ ಮನೆಮಾತು ಸ್ಲೊವೇನಿನಲ್ಲಿ ಮಾತ್ರ
ಆ ದಿನ ಬರೀ ನಾಲ್ಕನೆಯದು.
ನಾಲ್ಕನೆಯದು! ದೆಪಾಂಗರ್ ಮೇಜು ಗುದ್ದಿದ.
ಚುಕ್ಕಿ ಹೆದರಿ ನಡುಗಿತು.
ಅವಳು ನಗಲಿಲ್ಲ. ಅಮ್ಮನ ಮಗಳು,
ಬಟ್ಟೆ ಹೆಚ್ಚಾಗಿ ಕಂಡರೆ ಮೊದಲು ಟೇಪನ್ನೇ ಶಂಕಿಸುವವಳು.
ಮುಂದಿನ ಗುರುವಾರ ಎಂಟೂಕಾಲಿಗೆ
ಮೆಟ್ಟಿಲು ಹತ್ತಿದಳು.

ಮೇಲಿನ ಹಾಲಿನಲ್ಲಿ ಮೂವತ್ತೆಂಟು ಜನ
ಬಾಯಿ ತೆರೆದು ನಿಂತಿದ್ದರು.
ಕಾರ್ಸ್ಟ್ ಹಳ್ಳಿಗಳ ಹಾಡುವ ಮೇಳ;
ತಮ್ಮ ಹಾಲಿನ ಸೂರು ಸೋರಿ ಇಲ್ಲಿಗೆ ಬಂದವರು.
ಕಿಟಕಿಯುದ್ದಕ್ಕೂ ಆಲ್ಟೊ ಹೆಂಗಸರು,
ಅವರ ತೂಕಕ್ಕೆ ಗೋಡೆ ಒಂದಿಷ್ಟೇ ಇಷ್ಟು ವಾಲಿ,
ಗೋಡೆ ನೆಲಕ್ಕೆ ಹೇಳಿ, ನೆಲ ಎಳೆಗೆ ಹೇಳಿ...
ಸೋರಿದ್ದು ಬ್ರಹ್ಮಾಂಡವಲ್ಲ,
ಸೂರು.

"ನಿಲ್ಲಿಸಬೇಕೇನಮ್ಮ?" ಕ್ರೇನ್ ನಡೆಸಿ ನಿವೃತ್ತನಾದ ಜೋರ್ಕೊ ಕೇಳಿದ.
"ಬೇಡ. ಒಂದು ಸಲ ಆ ಗೋಡೆಯ ಕಡೆ ನಿಂತು ಹಾಡಿ."
ಕೆಳಗಿಳಿದು ನೋಡಿದಳು:
ಚುಕ್ಕಿ ವಿಧೇಯವಾಗಿ ಆಚೆ ಸರಿದಿತ್ತು.

ಟಿಪ್ಪಣಿ ಪುಸ್ತಕದಲ್ಲಿ ಅವಳ ಅಕ್ಷರ:
ಐವತ್ತು ಮೈಕ್ರಾನಿಗಿಂತ ದೊಡ್ಡ ನಿರಿಗೆ ಕಂಡಿಲ್ಲ.
ಇಲ್ಲ ಅಂತ ಬರೆದಿಲ್ಲ.
ದೆಪಾಂಗರನ ಬೂಟು ಇನ್ನೂ ಕಚ್ಚುತ್ತದೆ.
ಸಂದನ್ನು ನಲವತ್ತಕ್ಕೆ ಇಳಿಸುವ ಕೆಲಸ ನಡೆದಿದೆ,
ಇನ್ನೂ ತೆಳ್ಳಗಿನ ಎಳೆ ಬೇಕು.

ಗುರುವಾರ ರಾತ್ರಿ ಮಾತ್ರ ಅಳತೆ ಇಲ್ಲ.
ನೆವೆಂಕಾ ಕೈಗವಸು ಕಳಚಿ ಮೇಲೆ ಹೋಗುತ್ತಾಳೆ,
ಕಿಟಕಿಯ ಸಾಲಿನಲ್ಲಿ, ಎಡದಿಂದ ಮೂರನೆಯವಳು,
ಐವತ್ತೊಂಬತ್ತು ಕಿಲೋ,
ಸುಮಾರಾದ ಆಲ್ಟೊ.